ಆಪರೇಷನ್ ಆಗಿ ಮನೆಗೆ ಬಂದ ಮೇಲೆ

ಶಸ್ತ್ರಚಿಕಿತ್ಸೆಯಾದವರು ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಈಗ ಬಹಳ ಕಡಿಮೆಯಾಗಿವೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಸಾಮಾನ್ಯವಾಗಿ ಅದೇ ದಿನ ಮನೆ ಸೇರುತ್ತಾರೆ. ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿಕೊಂಡವರಿಗೆ ಒಂದೆರಡು ದಿನದಲ್ಲಿ, ಸಿಸೇರಿಯನ್ ಹೆರಿಗೆಯಾದವರಿಗೆ ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಆಗುತ್ತದೆ. ಗಾಯ ಮಾತ್ರ ತನ್ನ ಸಮಯ ತೆಗೆದುಕೊಂಡೇ ಮಾಗುತ್ತದೆ. ಆಪರೇಷನ್ ಆದ ಜಾಗದಲ್ಲಿ 30 ದಿನಗಳ ಒಳಗೆ ಕಾಣಿಸಿಕೊಳ್ಳುವ ಸೋಂಕನ್ನು ವೈದ್ಯಶಾಸ್ತ್ರ ಆ ಆಪರೇಷನ್‌ನ ಲೆಕ್ಕಕ್ಕೇ ಹಾಕುತ್ತದೆ. ಒಳಗೆ ಕೃತಕ ಕೀಲು, ಪ್ಲೇಟು ಕೂರಿಸಿದ್ದರೆ ಈ ಅವಧಿ 90 ದಿನದವರೆಗೂ ಹೋಗಬಹುದು. ಅಂದರೆ ಅಪಾಯದ ದಿನಗಳಲ್ಲಿ ಹೆಚ್ಚಿನವು ಕಳೆಯುವುದು ಡಾಕ್ಟರ ಕಣ್ಣಳತೆಯಲ್ಲಿ ಅಲ್ಲ, ಮನೆಯಲ್ಲಿ.

ಈ ಅಪಾಯ ಎಲ್ಲ ಕಡೆ ಒಂದೇ ಸಮ ಇಲ್ಲ. 66 ದೇಶಗಳಲ್ಲಿ ಜೀರ್ಣಾಂಗದ ಶಸ್ತ್ರಚಿಕಿತ್ಸೆಯಾದ 12 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮುಂದುವರಿದ ದೇಶಗಳಲ್ಲಿ ಗಾಯದ ಸೋಂಕು ಶೇ. 9.4ರಷ್ಟು ಜನರಿಗೆ ಬಂದಿದ್ದರೆ, ಮಧ್ಯಮ ಹಂತದ ದೇಶಗಳಲ್ಲಿ ಶೇ. 14, ಹಿಂದುಳಿದ ದೇಶಗಳಲ್ಲಿ ಶೇ. 23.2ರಷ್ಟು ಜನರಿಗೆ ಬಂದಿತ್ತು. ಮನೆಯಲ್ಲಿರುವ ರೋಗಿಯನ್ನು ಮೊಬೈಲ್ ಆ್ಯಪ್ ಮೂಲಕ ಗಮನಿಸುವ ಯೋಚನೆಯನ್ನು ನೋಡಬೇಕಾದದ್ದು ಇಂಥ ಹಿನ್ನೆಲೆಯಲ್ಲಿ.

ತುಮಕೂರು ಜಿಲ್ಲೆಯ ಭೂಗೋಳ ನೋಡಿದರೆ ಇದರ ಅಗತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ನಗರದಲ್ಲಿ ಜಿಲ್ಲಾಸ್ಪತ್ರೆ ಇದೆ, ಶ್ರೀ ಸಿದ್ಧಾರ್ಥ ಮತ್ತು ಸಿದ್ಧಗಂಗಾ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ. ಗುಬ್ಬಿ ಪಟ್ಟಣದವರಿಗೆ ತುಮಕೂರು ಸುಮಾರು 20 ಕಿಲೋಮೀಟರ್, ಅಷ್ಟೇನೂ ದೂರವಲ್ಲ. ಅದೇ ತಾಲ್ಲೂಕಿನ ದೂರದ ಹಾಗಲವಾಡಿ, ಸಿ.ಎಸ್. ಪುರದ ಕಡೆಯ ಹಳ್ಳಿಗಳವರ ಪಾಡು ಬೇರೆ. ಕುಣಿಗಲ್‌ನವರು ಮೂರು ದಿಕ್ಕಿಗೆ ಹಂಚಿಹೋಗುತ್ತಾರೆ: ಕೆಲವರು ತುಮಕೂರಿಗೆ, ಕೆಲವರು ಬೆಂಗಳೂರಿಗೆ, ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋಗುವವರು ಬೆಳ್ಳೂರು ಬಳಿಯ ಆದಿಚುಂಚನಗಿರಿ ಆಸ್ಪತ್ರೆಗೆ. ಹೀಗಾಗಿ ಆಪರೇಷನ್ ಒಂದೂರಲ್ಲಿ, ಡ್ರೆಸ್ಸಿಂಗ್ ಇನ್ನೊಂದೂರಲ್ಲಿ, ಹೊಲಿಗೆ ಬಿಚ್ಚಿಸುವುದು ಮತ್ತೊಂದು ಕಡೆ ಆಗುವುದುಂಟು. ಇವುಗಳ ನಡುವೆ ಓಡಾಡುವ ದಾಖಲೆ ಒಂದೇ, ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಸಮ್ಮರಿ. ಮನೆಯವರಲ್ಲಿ ಅದನ್ನು ಓದಬಲ್ಲವರು ಇದ್ದರೂ ಅರ್ಥ ಮಾಡಿಕೊಳ್ಳಬಲ್ಲವರು ಕಡಿಮೆ.

ಮನೆಗೆ ಹೋದ ರೋಗಿಯನ್ನು ಗಮನಿಸುವ ಆ್ಯಪ್ ಮಾಡುವ ಕೆಲಸ ಮೂಲತಃ ಸರಳ. ಮಾತ್ರೆಯ ಹೊತ್ತು ನೆನಪಿಸುತ್ತದೆ. ಇಂದು ಎಷ್ಟು ನಡೆಯಬೇಕು, ಮಂಡಿ ಎಷ್ಟು ಬಗ್ಗಿಸಬೇಕು, ಸ್ನಾನ ಯಾವಾಗ ಎಂಬುದನ್ನು ದಿನಕ್ಕೆ ತಕ್ಕಂತೆ ಹೇಳುತ್ತದೆ. ದಿನಕ್ಕೊಮ್ಮೆ ನಾಲ್ಕಾರು ಪ್ರಶ್ನೆ ಕೇಳುತ್ತದೆ: ಜ್ವರ ಇದೆಯೇ, ನೋವು ನಿನ್ನೆಗಿಂತ ಹೆಚ್ಚೇ, ಗಾಯದಿಂದ ನೀರು ಅಥವಾ ಕೀವು ಬರುತ್ತಿದೆಯೇ, ಮಲಮೂತ್ರ ಸರಿಯಾಗಿ ಆಗುತ್ತಿದೆಯೇ. ಕೆಲವು ಆ್ಯಪ್‌ಗಳು ಗಾಯದ ಫೋಟೋವನ್ನೂ ಕೇಳುತ್ತವೆ. ಉತ್ತರದಲ್ಲಿ ಅನುಮಾನ ಬರುವಂಥದ್ದು ಇದ್ದರೆ ಆಸ್ಪತ್ರೆಯ ನರ್ಸ್‌ಗೆ ಸೂಚನೆ ಹೋಗುತ್ತದೆ, ನರ್ಸ್ ಫೋನ್ ಮಾಡುತ್ತಾರೆ, ಬೇಕಾದರೆ ಡಾಕ್ಟರಿಗೆ ತಿಳಿಸುತ್ತಾರೆ. ಈ ಕೊನೆಯ ಕೊಂಡಿ ಇಲ್ಲದ ಆ್ಯಪ್ ಬರೀ ಅಲಾರಂ.

ಆ ಕೊಂಡಿಯ ಬೆಲೆ ಸಂಶೋಧನೆಗಳಲ್ಲೂ ಕಾಣುತ್ತದೆ. ಟೊರಾಂಟೊದ ವಿಮೆನ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸ್ತನದ ಮರುರಚನೆಯ ಶಸ್ತ್ರಚಿಕಿತ್ಸೆಯಾದ 65 ಮಹಿಳೆಯರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆ್ಯಪ್ ಬಳಸಿದವರು ಮೊದಲ 30 ದಿನಗಳಲ್ಲಿ ಆಸ್ಪತ್ರೆಗೆ ಬಂದುಹೋದದ್ದು ಕಡಿಮೆ, ಹಾಗೆಂದು ತೊಡಕುಗಳು ಹೆಚ್ಚಲಿಲ್ಲ. ಎಡಿನ್‌ಬರೋದಲ್ಲಿ ತುರ್ತು ಹೊಟ್ಟೆಯ ಆಪರೇಷನ್ ಆದ 492 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಫೋನಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸಿ ಗಾಯದ ಫೋಟೋ ಕಳಿಸಿದವರಲ್ಲಿ ಮೊದಲ ವಾರದಲ್ಲೇ ಸೋಂಕು ಪತ್ತೆಯಾಗುವ ಸಾಧ್ಯತೆ ಹೆಚ್ಚಿತ್ತು. ಆದರೆ 30 ದಿನಗಳನ್ನು ಒಟ್ಟಾಗಿ ನೋಡಿದಾಗ ಪತ್ತೆಗೆ ಹಿಡಿದ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎಲ್ಲಕ್ಕಿಂತ ಪಾಠವಾಗಬೇಕಾದದ್ದು ಕೆನಡಾದ ಎಂಟು ಆಸ್ಪತ್ರೆಗಳ ಅಧ್ಯಯನ. ಕೋವಿಡ್ ಕಾಲದಲ್ಲಿ 905 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಟ್ಯಾಬ್ಲೆಟ್ ಮತ್ತು ಬಿಪಿ, ಆಮ್ಲಜನಕ ಅಳೆಯುವ ಸಾಧನಗಳನ್ನು ಕೊಟ್ಟು ಮನೆಗೆ ಕಳಿಸಲಾಯಿತು. ನರ್ಸ್‌ಗಳು ವಿಡಿಯೋದಲ್ಲಿ ಅವರೊಂದಿಗೆ ನಿಯಮಿತವಾಗಿ ಮಾತಾಡುತ್ತಿದ್ದರು. ತಿಂಗಳ ಕೊನೆಗೆ, ರೋಗಿ ಮನೆಯಲ್ಲಿ ಕಳೆದ ದಿನಗಳ ಲೆಕ್ಕದಲ್ಲಿ ಎರಡು ಗುಂಪುಗಳೂ ಹೆಚ್ಚುಕಡಿಮೆ ಒಂದೇ: 29.7 ಮತ್ತು 29.5. ಇಷ್ಟೆಲ್ಲ ಸಲಕರಣೆಗೆ ಇದು ನಿರಾಶೆಯ ಫಲಿತಾಂಶವೇ. ಆದರೆ ಹೀಗೆ ದೂರದಿಂದ ಗಮನಿಸಿದ ಗುಂಪಿನಲ್ಲಿ ಔಷಧದ ತಪ್ಪುಗಳು ಹಲವು ಪಟ್ಟು ಹೆಚ್ಚಾಗಿ ಸಿಕ್ಕಿಬಿದ್ದವು, ನೋವು ಅನುಭವಿಸಿದವರೂ ಕಡಿಮೆ. ನರ್ಸ್ ಗುರುತಿಸಿದ ಸಮಸ್ಯೆಯನ್ನು ಡಾಕ್ಟರ ತನಕ ಮುಟ್ಟಿಸುವುದು ಹೆಚ್ಚಾಗಿದ್ದ ಆಸ್ಪತ್ರೆಗಳಲ್ಲಿ ಲಾಭವೂ ಹೆಚ್ಚಿತ್ತು.

ಕರ್ನಾಟಕದ ಅನುಭವವೂ ಇದೇ ದಿಕ್ಕಿನದು. ನೂರಾ ಹೆಲ್ತ್ ಎಂಬ ಸಂಸ್ಥೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಕೆಲಸ ಆರಂಭಿಸಿದ್ದು ಮನೆಯವರಿಗೆ ತರಬೇತಿ ಕೊಡುವ ಮೂಲಕ. ವಾರ್ಡಿನ ಹೊರಗೆ ದಿನಗಟ್ಟಲೆ ಸುಮ್ಮನೆ ಕಾಯುವ ಮನೆಯವರನ್ನು ಕೂರಿಸಿ, ಗಾಯ ನೋಡಿಕೊಳ್ಳುವುದು, ಕೈ ತೊಳೆಯುವುದು, ಅಪಾಯದ ಲಕ್ಷಣ ಗುರುತಿಸುವುದನ್ನು ಕಲಿಸುವುದು ಅದರ ಕ್ರಮ. ಮುಂದೆ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೂ ಇದು ಬಂತು. ಮನೆಗೆ ಹೋದವರಿಗೆ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಕಳಿಸುವ, ಅವರ ಪ್ರಶ್ನೆಗೆ ಉತ್ತರಿಸುವ ಏರ್ಪಾಡು ಸೇರಿದ್ದು ಆಮೇಲೆ. ಹೊಸ ಆ್ಯಪ್ ಡೌನ್‌ಲೋಡ್ ಮಾಡಿಸಿ, ಪಾಸ್‌ವರ್ಡ್ ನೆನಪಿಡಿಸುವುದಕ್ಕಿಂತ ಜನರ ಕೈಯಲ್ಲಿ ಈಗಾಗಲೇ ಇರುವುದನ್ನೇ ಬಳಸುವುದು ಜಾಣತನ.

ಸರ್ಕಾರದ ಕಡೆಯಿಂದ ಇರುವ ದೊಡ್ಡ ಸಾಧನ ಇ-ಸಂಜೀವಿನಿ. ಮೊಹಾಲಿಯ ಸಿ-ಡ್ಯಾಕ್ ರೂಪಿಸಿದ ಈ ದೂರವೈದ್ಯ ಸೇವೆ 2019ರಲ್ಲಿ ಶುರುವಾಗಿ, 2020ರ ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರರನ್ನು ಕಾಣುವ ಸೌಲಭ್ಯ ಪಡೆಯಿತು. ಆಪರೇಷನ್ ಮಾಡಿದ ಡಾಕ್ಟರೇ ಇಲ್ಲಿ ಸಿಗುತ್ತಾರೆಂಬ ಖಾತರಿ ಇಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯ ಪಕ್ಕದಲ್ಲಿದ್ದು ದೊಡ್ಡ ಆಸ್ಪತ್ರೆಯ ಡಾಕ್ಟರೊಂದಿಗೆ ಮಾತಾಡುವ ವಿಧಾನವೂ ಇದರಲ್ಲಿದೆ. ಫೋನ್ ಬಳಸಲು ಬಾರದ ಹಿರಿಯರಿಗೆ ಹೊಂದುವುದು ಇದೇ. 2020ರ ಮಾರ್ಚ್ 25ರಂದು ಬಂದ ದೂರವೈದ್ಯ ಮಾರ್ಗಸೂಚಿ ಇವಕ್ಕೆಲ್ಲ ಕಾನೂನಿನ ತಳಪಾಯ ಹಾಕಿತು. ಒಮ್ಮೆ ಎದುರಿಗೆ ನೋಡಿದ ಡಾಕ್ಟರು ಆರು ತಿಂಗಳ ಒಳಗೆ ಅದೇ ಕಾಯಿಲೆಗೆ ಫೋನಿನಲ್ಲಿ ಸಲಹೆ ಕೊಟ್ಟರೆ ಅದನ್ನು ಮರುಭೇಟಿ ಎಂದೇ ಪರಿಗಣಿಸಲಾಗುತ್ತದೆ. ಮತ್ತಿನ ಔಷಧಗಳನ್ನು ಮಾತ್ರ ಫೋನಿನಲ್ಲಿ ಬರೆದುಕೊಡುವಂತಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಕನ್ನಡ ಇದೆ ಎನ್ನುವ ಎಷ್ಟೋ ಆ್ಯಪ್‌ಗಳಲ್ಲಿ ಇರುವುದು ಯಂತ್ರ ಅನುವಾದ ಮಾಡಿದ ಕನ್ನಡ. ‘ಶಸ್ತ್ರಚಿಕಿತ್ಸಾ ಸ್ಥಳದಲ್ಲಿ ಸ್ರಾವ ಉಂಟೇ’ ಎಂದು ಕೇಳಿದರೆ ಕುಣಿಗಲ್ ಕಡೆಯ ಅಮೃತೂರಿನ ಅಜ್ಜಿ ಇಲ್ಲ ಎಂದೇ ಉತ್ತರಿಸಿಯಾರು. ‘ಹೊಲಿಗೆ ಹಾಕಿದ ಕಡೆ ಕೀವು ಬರ್ತಿದೆಯಾ, ಬಟ್ಟೆ ಒದ್ದೆ ಆಗ್ತಿದೆಯಾ’ ಎಂದು ಧ್ವನಿಯಲ್ಲಿ ಕೇಳಿದರೆ ಉತ್ತರ ಬೇರೆಯಾಗುತ್ತದೆ.

ಮಾತು ಸರಿಹೋದರೂ ಪಥ್ಯದ ಪ್ರಶ್ನೆ ಉಳಿಯುತ್ತದೆ. ಬದನೆಕಾಯಿ ನಂಜು, ಮೊಟ್ಟೆ ನಂಜು, ಕೋಳಿ ನಂಜು ಎಂದು ಆಪರೇಷನ್ ಆದವರಿಗೆ ಬರೀ ತಿಳಿಸಾರು ಅನ್ನ ಹಾಕುವ ಮನೆಗಳು ಇಂದಿಗೂ ಇವೆ. ಗಾಯ ಕೂಡಿಕೊಳ್ಳಲು ಬೇಕಾಗುವುದೇ ಪ್ರೋಟೀನು. ಅದನ್ನೇ ತಪ್ಪಿಸಿದರೆ ಮಾಗುವುದು ತಡವಾಗುತ್ತದೆ. ಸಿಸೇರಿಯನ್ ಆದ ಬಾಣಂತಿಗೆ ನೀರು ಕಡಿಮೆ ಕೊಡುವುದರಿಂದ ಮಲಬದ್ಧತೆ ಬಂದು, ತಿಣುಕುವಾಗ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಗಾಯಕ್ಕೆ ಅರಿಶಿನ ಮೆತ್ತುವವರೂ ಇದ್ದಾರೆ. ‘ಪೌಷ್ಟಿಕ ಆಹಾರ ಸೇವಿಸಿ’ ಎಂಬ ಸಂದೇಶ ಇದ್ಯಾವುದನ್ನೂ ಮುಟ್ಟುವುದಿಲ್ಲ. ಮೊಟ್ಟೆ ತಿನ್ನದ ಮನೆಗೆ ಹೆಸರುಕಾಳು, ಹುರುಳಿ, ಮೊಸರು ಎಂದು ಹೆಸರು ಹಿಡಿದು ಹೇಳಬೇಕು. ನಂಜಿನ ಮಾತನ್ನು ಹೀಯಾಳಿಸದೆ, ಅತ್ತೆಯ ಕಿವಿಗೂ ಬೀಳುವಂತೆ ಹೇಳಬೇಕು, ಏಕೆಂದರೆ ಅಡುಗೆಮನೆಯ ತೀರ್ಮಾನ ಬಹಳ ಕಡೆ ಅವರದೇ.

ದುಡಿಮೆಗೆ ಮರಳುವ ವಿಷಯದಲ್ಲೂ ಹೀಗೆಯೇ. ‘ಭಾರ ಎತ್ತಬೇಡಿ’ ಎಂದು ಹರ್ನಿಯಾ ಆಪರೇಷನ್ ಆದ ರೈತನಿಗೆ ಹೇಳಿದರೆ ಅವನ ಮನಸ್ಸಿಗೆ ಬರುವುದು ಮೂಟೆ ಮಾತ್ರ. ಹಸುವಿಗೆ ಹುಲ್ಲಿನ ಹೊರೆ ತರುವುದು, ಹಾಲಿನ ಕ್ಯಾನು ಡೇರಿಗೆ ಹೊರುವುದು, ತೆಂಗಿನಕಾಯಿ ರಾಶಿ ಹಾಕುವುದು ಅವನ ಲೆಕ್ಕದಲ್ಲಿ ಭಾರವೇ ಅಲ್ಲ.

ಇನ್ನು ಫೋನು ಯಾರ ಕೈಯಲ್ಲಿದೆ ಎಂಬುದು. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಮಗನ ಬಳಿ. ಅವನು ಬೆಳಿಗ್ಗೆ ವಸಂತನರಸಾಪುರದ ಕಾರ್ಖಾನೆಗೋ ಬೆಂಗಳೂರಿಗೋ ಹೊರಟರೆ ರಾತ್ರಿಯೇ ಬರುವುದು. ಮಧ್ಯಾಹ್ನದ ಮಾತ್ರೆಯನ್ನು ನೆನಪಿಸುವ ಗಂಟೆ ಅವನ ಜೇಬಿನಲ್ಲಿ ಮೊಳಗುತ್ತದೆ. ಆದ್ದರಿಂದ ಡಿಸ್ಚಾರ್ಜ್ ಹೊತ್ತಿನಲ್ಲೇ, ಹಗಲು ರೋಗಿಯ ಜೊತೆ ಇರುವವರು ಯಾರು, ಅವರ ಬಳಿ ಎಂಥ ಫೋನಿದೆ ಎಂದು ಕೇಳಿ ಬರೆದುಕೊಳ್ಳಬೇಕು. ಕೀಪ್ಯಾಡ್ ಫೋನಾದರೆ ಸಂಜೆಯ ಒಂದು ಕರೆ ಸಾಕು. ಆಶಾ ಕಾರ್ಯಕರ್ತೆಯರು ಸುಲಭದ ದಾರಿಯಂತೆ ಕಾಣುತ್ತಾರೆ, ಆದರೆ ಅವರ ಫೋನುಗಳಲ್ಲಿ ಈಗಾಗಲೇ ಹಲವು ಸರ್ಕಾರಿ ಆ್ಯಪ್‌ಗಳ ಹೊರೆಯಿದೆ. ಗೌರವಧನ ಸೇರಿಸದೆ ಇನ್ನೊಂದನ್ನು ಹೇರುವುದು ನ್ಯಾಯವಲ್ಲ.

ಗಾಯದ ಫೋಟೋ ತೆಗೆಯಲೂ ಒಂದು ಕ್ರಮವಿದೆ. ಕಿಟಕಿಯ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ದಿನವೂ ಒಂದೇ ದೂರದಿಂದ ತೆಗೆದರೆ ಹಿಂದಿನ ದಿನದ ಚಿತ್ರದೊಂದಿಗೆ ಹೋಲಿಸಬಹುದು. ಕಪ್ಪು ಚರ್ಮದಲ್ಲಿ ಕೆಂಪಾಗುವುದು ಚಿತ್ರದಲ್ಲಿ ಸರಿಯಾಗಿ ಕಾಣದು. ಅದಕ್ಕೇ ಮುಟ್ಟಿದರೆ ಬಿಸಿಯೇ, ಗಟ್ಟಿಯಾಗಿದೆಯೇ, ವಾಸನೆ ಇದೆಯೇ ಎಂಬ ಪ್ರಶ್ನೆಗಳು ಚಿತ್ರದ ಜೊತೆಗೇ ಇರಬೇಕು. ಗರ್ಭಕೋಶ ತೆಗೆಸಿಕೊಂಡ ಅಥವಾ ಸಿಸೇರಿಯನ್ ಆದ ಮಹಿಳೆಯ ಗಾಯದ ಚಿತ್ರ ಫೋನಿನ ಗ್ಯಾಲರಿಯಲ್ಲಿ ಉಳಿದು ಮನೆಮಂದಿಯ ಕಣ್ಣಿಗೆ ಬೀಳುವ ಮುಜುಗರವೂ ಸಣ್ಣದಲ್ಲ. ಚಿತ್ರವನ್ನು ಗ್ಯಾಲರಿಗೆ ಸೇರಿಸದೆ ನೇರವಾಗಿ ಆಸ್ಪತ್ರೆಗೆ ಕಳಿಸುವುದರಲ್ಲಿ ಆ್ಯಪ್ ವಾಟ್ಸ್ಆ್ಯಪ್‌ಗಿಂತ ಮೇಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಂಥ ಮಾಹಿತಿಗೆ ಒಪ್ಪಿಗೆ ಕೇಳಬೇಕು, ಅದು ಯಾತಕ್ಕೆಂದು ತಿಳಿಸಬೇಕು ಎನ್ನುತ್ತದೆ.

ಆ್ಯಪ್ ತೆರೆಯುತ್ತ ಕೂರಬಾರದ ಸಂದರ್ಭಗಳೂ ಇವೆ. ಉಸಿರು ಕಟ್ಟುವುದು, ಎದೆನೋವು, ನಿಲ್ಲದ ರಕ್ತ, ಎಚ್ಚರ ತಪ್ಪುವುದು ಕಂಡರೆ 108ಕ್ಕೆ ಕರೆ ಮಾಡಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಕಣ್ಣಿನ ಆಪರೇಷನ್ ಆದವರಿಗೆ ನೋವು ಹೆಚ್ಚಿ ದೃಷ್ಟಿ ಮಂದವಾದರೆ ಅದೇ ದಿನ ತೋರಿಸಬೇಕು, ಮರುದಿನಕ್ಕೆ ಇಡಬಾರದು. 100.4 ಡಿಗ್ರಿ ದಾಟಿದ ಜ್ವರ, ಬಾಯಿ ಬಿಟ್ಟ ಹೊಲಿಗೆ, ನಿಲ್ಲದ ವಾಂತಿ ಇವೂ ಆಸ್ಪತ್ರೆಗೇ ಹೋಗಬೇಕಾದ ಸೂಚನೆಗಳು. ತುರ್ತಲ್ಲದ ಅನುಮಾನಗಳಿಗೆ 104 ಆರೋಗ್ಯವಾಣಿ ಇದೆ.

ತಾಲ್ಲೂಕು ಆಸ್ಪತ್ರೆಯೊಂದು ಮನೆಗೆ ಹೋದವರನ್ನು ಫೋನಿನಲ್ಲಿ ಗಮನಿಸುವ ಕೆಲಸ ಆರಂಭಿಸಲು ದುಬಾರಿ ತಂತ್ರಾಂಶಕ್ಕೆ ಕಾಯಬೇಕಿಲ್ಲ. ಸಿಸೇರಿಯನ್, ಹರ್ನಿಯಾದಂಥ ಒಂದೆರಡು ಆಪರೇಷನ್‌ಗಳಿಗೆ ಸೀಮಿತವಾಗಿ ಕನ್ನಡದ ಧ್ವನಿ ಸಂದೇಶಗಳು, ಆಸ್ಪತ್ರೆಗೆ ಸೇರಿದ ಒಂದು ಫೋನು, ಉತ್ತರಗಳನ್ನು ದಿನಕ್ಕೆರಡು ಬಾರಿ ನೋಡುವ ಹೊಣೆ ಹೊತ್ತ ಒಬ್ಬ ನರ್ಸ್ ಇದ್ದರೆ ಕೆಲಸ ಶುರುವಾಗುತ್ತದೆ. ಕಷ್ಟವಿರುವುದು ಮೂರನೆಯದರಲ್ಲಿ. ವಾರ್ಡಿನ ಕೆಲಸದ ಮೇಲೆ ಇದನ್ನೂ ಹೇರಿದರೆ ಎರಡನೇ ವಾರಕ್ಕೇ ಸಂದೇಶಗಳು ಓದದೆ ಉಳಿಯುತ್ತವೆ, ರಜೆಯ ದಿನ ಯಾರು ನೋಡಬೇಕೆಂಬುದು ತೀರ್ಮಾನವಾಗುವುದಿಲ್ಲ. ಡ್ಯೂಟಿ ಪಟ್ಟಿಯಲ್ಲಿ ಈ ಕೆಲಸಕ್ಕೆ ಒಂದು ಹೆಸರು, ಭಾನುವಾರಕ್ಕೆ ಇನ್ನೊಂದು ಹೆಸರು ಬರೆದಿರಬೇಕು. ಆಸ್ಪತ್ರೆಯ ಆ ಫೋನು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಉತ್ತರಿಸುತ್ತದೆ ಎಂಬುದನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಕನ್ನಡದಲ್ಲಿ ಮುದ್ರಿಸಿರಬೇಕು.