ಹೊಟ್ಟೆಯ ಬ್ಯಾಕ್ಟೀರಿಯಾ: ಲ್ಯಾಬ್ ರಿಪೋರ್ಟನ್ನು ಎಷ್ಟು ನಂಬಬಹುದು?

ಎದೆಯುರಿ, ಹೊಟ್ಟೆಯುಬ್ಬರ, ಹುಳಿತೇಗು ಎಲ್ಲವನ್ನೂ ನಾವು 'ಗ್ಯಾಸ್ಟ್ರಿಕ್' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಮೆಡಿಕಲ್‌ನಿಂದ ಒಂದು ಸ್ಟ್ರಿಪ್ ಮಾತ್ರೆ ತಂದು ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವುದು ಅನೇಕ ಮನೆಗಳಲ್ಲಿ ಚಹಾ ಕುಡಿದಷ್ಟೇ ಸಹಜವಾಗಿದೆ. ರಮಝಾನ್‌ನಲ್ಲಂತೂ ಸಹರಿಯ ಜೊತೆ ಆ ಮಾತ್ರೆಯೂ ಇರುತ್ತದೆ. ಅದಕ್ಕೂ ನೋವು ಬಿಡದಿದ್ದಾಗ ವೈದ್ಯರು 'ಎಚ್. ಪೈಲೋರಿ' ಪರೀಕ್ಷೆಗೆ ಬರೆಯುತ್ತಾರೆ. ವಿಚಿತ್ರವೆಂದರೆ ಆ ಪರೀಕ್ಷೆಯ ದಾರಿ ತಪ್ಪಿಸುವುದು ಹೆಚ್ಚಾಗಿ ಅದೇ ಮಾತ್ರೆ.

ಹೆಲಿಕೋಬ್ಯಾಕ್ಟರ್ ಪೈಲೋರಿ ಜಠರದ ಒಳಪದರದಲ್ಲಿ ನೆಲೆಸುವ ಬ್ಯಾಕ್ಟೀರಿಯಾ. ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ಜಗತ್ತು ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಇದನ್ನು ಗುರುತಿಸಿದರು. ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ಸ್ವತಃ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಕೆಲವರಲ್ಲಿ ಹುಣ್ಣು, ಕೆಲವೇ ಮಂದಿಯಲ್ಲಿ ಜಠರದ ಕ್ಯಾನ್ಸರ್ ಉಂಟಾಗುವುದರಿಂದ ಇದನ್ನು ಕಡೆಗಣಿಸುವಂತಿಲ್ಲ.

ಪತ್ತೆಹಚ್ಚಲು ಹಲವು ವಿಧಾನಗಳಿವೆ. ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ. ಉಸಿರಾಟದ ಪರೀಕ್ಷೆಯಲ್ಲಿ ಗುರುತು ಹಾಕಿದ ಯೂರಿಯಾವನ್ನು ಕುಡಿಸಿ, ಅದು ಒಡೆದು ಬರುವ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಅಳೆಯುತ್ತಾರೆ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಯೂರಿಯಾ ಇರುವ ಕಿಟ್‌ಗೆ ಹಾಕಿ ಬಣ್ಣ ಬದಲಾಗುವುದೇ ಎಂದು ನೋಡುತ್ತಾರೆ. ಮಲದಲ್ಲಿ ಅದರ ಅಂಶ ಹುಡುಕುವ ಆ್ಯಂಟಿಜೆನ್ ಪರೀಕ್ಷೆಯೂ ಇದೆ. ಈ ಮೂರೂ ಈಗ ಇರುವ ಸೋಂಕನ್ನು ಹುಡುಕುತ್ತವೆ, ಸರಿಯಾಗಿ ಮಾಡಿದರೆ ನಂಬಲರ್ಹ.

ಆದರೆ ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್‌ನಂತಹ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಸಂಖ್ಯೆಯನ್ನು ತಗ್ಗಿಸುತ್ತವೆ. ಆಗ ಸೋಂಕು ಇದ್ದೂ 'ನೆಗೆಟಿವ್' ಬರಬಹುದು. ಆದ್ದರಿಂದ ಪರೀಕ್ಷೆಗೆ ಎರಡು ವಾರ ಮೊದಲೇ ಈ ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆ. ಯಾವುದೇ ಕಾಯಿಲೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ನಾಲ್ಕು ವಾರ ಕಾಯಬೇಕು. ರಕ್ತ ತೆಳುವಾಗಿಸುವ ಔಷಧಿಯನ್ನೋ ಆಸ್ಪಿರಿನ್ನನ್ನೋ ಸೇವಿಸುವವರು ಮಾತ್ರ ವೈದ್ಯರನ್ನು ಕೇಳದೆ ಹೊಟ್ಟೆಯ ಮಾತ್ರೆ ಬಿಡಬಾರದು. ಹುಣ್ಣಿನಿಂದ ರಕ್ತ ಸೋರುತ್ತಿರುವಾಗ ಮಾಡಿದ ಪರೀಕ್ಷೆಯೂ ಸೋಂಕನ್ನು ತಪ್ಪಿಸಿಕೊಳ್ಳಬಹುದು. ಅಂತಹ ನೆಗೆಟಿವನ್ನು ಮತ್ತೊಮ್ಮೆ ಪರೀಕ್ಷಿಸುವುದೇ ಸರಿ.

ರಕ್ತ ಪರೀಕ್ಷೆಯ ತೊಂದರೆ ಬೇರೆ. ಅದು ಸುಲಭ, ಮಾತ್ರೆ ನಿಲ್ಲಿಸಬೇಕಾಗಿಲ್ಲ. ಆದರೆ ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಸೋಂಕು ಹೋದ ಮೇಲೂ ಅವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಬಾಲ್ಯದಲ್ಲೇ ಈ ಸೋಂಕು ತಗಲುವುದು ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಇದರ 'ಪಾಸಿಟಿವ್' ಹೇಳುವುದು ಬಹಳ ಕಡಿಮೆ. ಚಿಕಿತ್ಸೆ ಮುಗಿಸಿ ಗುಣವಾದವರು ಸಮಾಧಾನಕ್ಕೆಂದು ರಕ್ತ ಪರೀಕ್ಷೆ ಮಾಡಿಸಿ, ಪಾಸಿಟಿವ್ ಕಂಡು ಗಾಬರಿಯಾಗಿ ಮತ್ತೆ ಎರಡು ವಾರ ಆ್ಯಂಟಿಬಯೋಟಿಕ್ ನುಂಗಿದರೆ ಹಣವೂ ವ್ಯರ್ಥ, ದೇಹಕ್ಕೂ ಶಿಕ್ಷೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುವುದೂ ಹೀಗೆಯೇ.

ಗುಣವಾಗಿದೆಯೇ ಎಂದು ತಿಳಿಯಲು ಉಸಿರಾಟದ ಅಥವಾ ಮಲದ ಪರೀಕ್ಷೆಯೇ ಆಗಬೇಕು, ಅದೂ ಆ್ಯಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ. ಹೆಚ್ಚಿನವರು ಇದನ್ನು ಮಾಡಿಸುವುದೇ ಇಲ್ಲ. 'ನೋವು ಹೋಯಿತಲ್ಲ' ಎನ್ನುತ್ತಾರೆ. ನೋವನ್ನು ಆಮ್ಲ ತಗ್ಗಿಸುವ ಮಾತ್ರೆಯೊಂದೇ ಅಡಗಿಸಬಲ್ಲದು.

ಮಲ ಕಪ್ಪಾಗಿ ಹೋಗುವುದು, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಈ ಲೆಕ್ಕಾಚಾರ ಬೇಡ, ತಡಮಾಡದೆ ವೈದ್ಯರ ಬಳಿ ಹೋಗಬೇಕು. ಉಳಿದವರು ಲ್ಯಾಬಿಗೆ ಹೋಗುವ ಮುನ್ನ ಚೀಟಿಯಲ್ಲಿ ಬರೆದಿರುವುದು ಯಾವ ಪರೀಕ್ಷೆ ಎಂದು ಕೇಳಿ, ಕೊನೆಯ ಮಾತ್ರೆ ನುಂಗಿದ ದಿನಾಂಕವನ್ನು ಅದರ ಹಿಂದೆ ಬರೆದಿಟ್ಟುಕೊಳ್ಳಲಿ.