ಮಾತಿನ ಎಣಿಕೆಯೂ ಅರ್ಥದ ಶೋಧನೆಯೂ

1938ನೆಯ ಇಸವಿಯ ಅಕ್ಟೋಬರ್ 30ರ ಭಾನುವಾರ ರಾತ್ರಿ ಸಿಬಿಎಸ್ ರೇಡಿಯೋ ಜಾಲವು ಪ್ರಸಾರ ಮಾಡಿದ ನಾಟಕವೊಂದರಲ್ಲಿ ಮಂಗಳಗ್ರಹದ ಜೀವಿಗಳು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಪುಟ್ಟ ಊರಿನಲ್ಲಿ ಬಂದಿಳಿದವು. ಎಚ್. ಜಿ. ವೆಲ್ಸರ ಕಾದಂಬರಿಯನ್ನು ಆಧರಿಸಿ, ಆರ್ಸನ್ ವೆಲ್ಸ್ ಎಂಬ 23 ವರ್ಷದ ತರುಣನು ನಡೆಸಿಕೊಟ್ಟ ಆ ನಾಟಕವು ವಾರ್ತಾಪ್ರಸಾರದ ರೂಪವನ್ನು ತಾಳಿದ್ದ ಕಾರಣ, ಆರಂಭದ ಪ್ರಕಟಣೆಯನ್ನು ಕೇಳದೆ ನಡುವಿನಲ್ಲಿ ಕಿವಿಗೊಟ್ಟವರಲ್ಲಿ ಹಲವರು ಅದನ್ನು ನಿಜವೆಂದೇ ಬಗೆದು ಭಯಗ್ರಸ್ತರಾದರು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅವರು ಹರ್ಟಾ ಹರ್ಟ್ಸೋಗ್ ಮತ್ತು ಹೇಜಲ್ ಗಾಡೆಟ್ ಎಂಬ ಇಬ್ಬರು ಸಂಶೋಧಕಿಯರ ನೆರವಿನಿಂದ, ಬಹುಮಟ್ಟಿಗೆ ನ್ಯೂಜೆರ್ಸಿಯ ಉತ್ತರಭಾಗದಲ್ಲಿ ವಾಸಿಸುತ್ತಿದ್ದ 135 ಮಂದಿಯನ್ನು ಕಂಡು, ಅವರವರ ಮಾತಿನಲ್ಲಿಯೇ ಆ ರಾತ್ರಿಯ ವೃತ್ತಾಂತವನ್ನು ಹೇಳಿಸಿ, 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಆ ಸಂದರ್ಶನಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದು ನಿಲ್ಲಿಸಿದ ಭಾಗವೊಂದುಂಟು. ಭಯಗೊಂಡವರಲ್ಲಿ ಕೆಲವರು ಸುಮ್ಮನೆ ನಂಬಿದವರಲ್ಲ. ನಿಜವೋ ಸುಳ್ಳೋ ನೋಡೋಣವೆಂದು ಕಿಟಕಿಯ ಬಳಿಗೆ ಹೋದವರು. ಬೀದಿಯ ತುಂಬ ಮೋಟಾರುಗಳನ್ನು ಕಂಡವರು, ಜನ ಊರು ಬಿಟ್ಟು ಓಡುತ್ತಿದ್ದಾರೆಂದು ನಿಶ್ಚಯಿಸಿದರು. ಒಂದು ವಾಹನವೂ ಬಾರದ ಬೀದಿಯನ್ನು ಕಂಡವರು, ರಸ್ತೆಗಳೆಲ್ಲ ಧ್ವಂಸವಾಗಿ ಸಂಚಾರವೇ ನಿಂತಿದೆಯೆಂದು ನಿಶ್ಚಯಿಸಿದರು. ಎಲ್ಲವೂ ಎಂದಿನಂತೆಯೇ ಇದ್ದುದನ್ನು ಕಂಡವರು, ವಿಪತ್ತು ತಮ್ಮ ಕಡೆಗೆ ಇನ್ನೂ ಬಂದು ಮುಟ್ಟಿಲ್ಲವೆಂದು ನಿಶ್ಚಯಿಸಿದರು. ಪರಸ್ಪರ ವಿರುದ್ಧವಾದ ಮೂರು ದೃಶ್ಯಗಳು ಒಂದೇ ಅರ್ಥಕ್ಕೆ ಸಾಕ್ಷಿಯಾದುವು! ಯುರೋಪಿನಲ್ಲಿ ಯುದ್ಧದ ಭೀತಿಯನ್ನೆಬ್ಬಿಸಿದ್ದ ಮ್ಯೂನಿಕ್ ಪ್ರಕರಣವು ಮುಗಿದು ತಿಂಗಳಾಗಿದ್ದ ಆ ದಿನಗಳಲ್ಲಿ, ಇದು ಜರ್ಮನರ ದಾಳಿಯೇ ಹೊರತು ಬೇರೆಯಲ್ಲವೆಂದು ಎಣಿಸಿದವರೂ ಇದ್ದರು. ಮಂಗಳಗ್ರಹವೆಂಬ ಮಾತು ಕಿವಿಯ ಮೇಲೆ ಬಿದ್ದರೂ ಅವರ ಮನಸ್ಸು ಕೇಳಿದ್ದು ಯುದ್ಧದ ವಾರ್ತೆಯನ್ನು. ಪ್ರಸಾರದ ಪ್ರತಿಯನ್ನು ಮುಂದಿಟ್ಟುಕೊಂಡು ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಷ್ಟೇ ಎಣಿಸಿದರೂ ಈ ಸಂಗತಿ ಹೊರಬೀಳಲಾರದು.

ಆದರೆ ಇದೇ ಗ್ರಂಥವು ಇಂಥ ಸಂದರ್ಶನಗಳ ಮಿತಿಯನ್ನೂ ಕಾಣಿಸುತ್ತದೆ. 135 ಮಂದಿಯಲ್ಲಿ ಬಹುಪಾಲು ಜನ ಭಯಪಟ್ಟವರೆಂದು ತಿಳಿದೇ ಆರಿಸಿಕೊಂಡವರು. ಆದುದರಿಂದ ಭಯ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ಅವರ ಮಾತಿನಿಂದ ತಿಳಿಯಬಹುದಲ್ಲದೆ, ದೇಶದಲ್ಲಿ ಎಷ್ಟು ಜನ ಭಯಪಟ್ಟರು ಎಂಬುದನ್ನು ತಿಳಿಯಲು ಬಾರದು. ಆ ರಾತ್ರಿಯ ಗಾಬರಿಯನ್ನು ವೃತ್ತಪತ್ರಿಕೆಗಳು ಬಹಳ ಹಿಗ್ಗಿಸಿ ಬರೆದುವೆಂದು ಈಚಿನ ಇತಿಹಾಸಕಾರರು ವಾದಿಸಿದ್ದಾರೆ. ಎಷ್ಟು ಎಂಬ ಪ್ರಶ್ನೆಗೆ ಗಣಿತವೇ ಬೇಕು. ಹೇಗೆ, ಏತಕ್ಕೆ, ಯಾವ ಅರ್ಥದಲ್ಲಿ ಎಂಬ ಪ್ರಶ್ನೆಗಳಿಗೆ ಬೇರೊಂದು ಶಿಸ್ತು ಬೇಕು. ಆ ಶಿಸ್ತನ್ನೇ ವಿದ್ವಾಂಸರು ಗುಣಾತ್ಮಕ ವಿಧಾನವೆಂದು ಕರೆಯುವುದು.

ಈ ಶಿಸ್ತಿನ ಬಾಲ್ಯದ ಕೆಲವು ಮುಖ್ಯ ಕೆಲಸಗಳು ನ್ಯೂಯಾರ್ಕಿನ ಆಸುಪಾಸಿನಲ್ಲಿಯೇ ನಡೆದುವೆಂಬುದು, ಅದೇ ನಗರದ ಕ್ವೀನ್ಸ್ ವಿಭಾಗದ ಪೂರ್ವದ ಅಂಚಿನಲ್ಲಿರುವ ಬೆಲ್‌ರೋಸಿನಲ್ಲಿ ಕುಳಿತು ಬರೆಯುವ ನನಗೆ ವಿಶೇಷ ಸಂತೋಷದ ವಿಷಯ. ವಿಯೆನ್ನಾದಿಂದ ಬಂದ ಹರ್ಟ್ಸೋಗರು ಇದೇ ಮಹಾನಗರ ಪ್ರದೇಶದ 100 ಮಂದಿ ಸ್ತ್ರೀಯರನ್ನು ಸಂದರ್ಶಿಸಿ, ಹಗಲು ಹೊತ್ತಿನ ರೇಡಿಯೋ ಧಾರಾವಾಹಿಗಳನ್ನು ಅವರು ಏಕೆ ಕೇಳುತ್ತಾರೆಂಬ ವಿಷಯವಾಗಿ 1941ರಲ್ಲಿ ಬರೆದರು. ಪಂಡಿತರು ಹಗುರವಾಗಿ ಕಾಣುತ್ತಿದ್ದ ಆ ಕಥೆಗಳಲ್ಲಿ ಒಬ್ಬಾಕೆಗೆ ಅಳುವುದಕ್ಕೆ ಒಂದು ನೆಪ ಸಿಕ್ಕುತ್ತಿತ್ತು, ಇನ್ನೊಬ್ಬಾಕೆಗೆ ತನಗೆ ದೊರೆಯದ ಬಾಳಿನ ಕನಸು, ಮತ್ತೊಬ್ಬಾಕೆಗೆ ಗಂಡನೊಡನೆ, ಮಕ್ಕಳೊಡನೆ ಹೇಗೆ ನಡೆದುಕೊಳ್ಳಬೇಕೆಂಬ ಬುದ್ಧಿವಾದ. ಕಥೆಯೇನೋ ಅದೇ, ಅದರಿಂದ ಕೇಳುಗರು ಪಡೆದುಕೊಂಡದ್ದು ಬೇರೆ ಬೇರೆ. 1943ರಲ್ಲಿ ಕೇಟ್ ಸ್ಮಿತ್ ಎಂಬ ಗಾಯಕಿಯು 18 ಗಂಟೆಗಳ ಕಾಲ ರೇಡಿಯೋದಲ್ಲಿ ಮತ್ತೆ ಮತ್ತೆ ಮಾತನಾಡಿ ಯುದ್ಧಸಾಲಪತ್ರಗಳನ್ನು ಮಾರಿದಾಗ, ಕೊಲಂಬಿಯಾ ವಿಶ್ವವಿದ್ಯಾನಿಲಯದ ರಾಬರ್ಟ್ ಮರ್ಟನ್ ಅವರು ಕೇಳುಗರನ್ನು ದೀರ್ಘವಾಗಿ ಸಂದರ್ಶಿಸಿ, ಆಕೆಯ ವಾದಗಳಿಗಿಂತ ಆಕೆಯಲ್ಲಿ ಜನ ಕಂಡ ಪ್ರಾಮಾಣಿಕತೆಯೇ ಅವರನ್ನು ಒಲಿಸಿತೆಂದು ತೋರಿಸಿದರು.

1952ರ ಸುಮಾರಿಗೆ, ಎಣಿಕೆಯೋ ವ್ಯಾಖ್ಯಾನವೋ ಎಂಬ ವಿಷಯದಲ್ಲಿ ಒಂದು ಒಳ್ಳೆಯ ವಿವಾದವೇ ಹುಟ್ಟಿತು. ಬರ್ನಾರ್ಡ್ ಬೆರೆಲ್ಸನ್ ಅವರು, ಸಂವಹನದಲ್ಲಿ ಹೊರಗೆ ಪ್ರಕಟವಾಗಿರುವ ವಿಷಯವನ್ನು ವಸ್ತುನಿಷ್ಠವಾಗಿ, ಕ್ರಮಬದ್ಧವಾಗಿ, ಪರಿಮಾಣದಲ್ಲಿ ವರ್ಣಿಸುವುದೇ ವಿಷಯ ವಿಶ್ಲೇಷಣೆಯ ಕೆಲಸವೆಂದು ವಿಧಿಸಿದರು. ನಾತ್ಸಿಗಳ ಕಾಲದಲ್ಲಿ ದೇಶ ಬಿಟ್ಟು 1941ರಲ್ಲಿ ನ್ಯೂಯಾರ್ಕಿಗೆ ಬಂದು ಸೇರಿದ್ದ ಸೀಗ್‌ಫ್ರೀಡ್ ಕ್ರಾಕೌವರ್ ಅವರು ಇದನ್ನು ಒಪ್ಪಲಿಲ್ಲ. ಗ್ರಂಥವೊಂದನ್ನು ತುಂಡುತುಂಡಾಗಿ ಕತ್ತರಿಸಿ ಲೆಕ್ಕಹಾಕಿದರೆ, ತುಂಡುಗಳು ಒಂದರೊಡನೊಂದು ಕೂಡಿ ಉಂಟುಮಾಡುವ ಅರ್ಥವೇ ಕೈತಪ್ಪಿಹೋಗುತ್ತದೆಂಬುದೂ, ಶಿಸ್ತಿನಿಂದ ಮಾಡಿದ ವ್ಯಾಖ್ಯಾನವು ಸ್ವಚ್ಛಂದ ಊಹೆಯಲ್ಲವೆಂಬುದೂ ಅವರ ಪಕ್ಷ. ಭಾಷ್ಯಗಳ ಪರಂಪರೆಯಲ್ಲಿ ಬೆಳೆದ ನಮಗೆ, ಪದವನ್ನು ವಾಕ್ಯದಿಂದಲೂ ವಾಕ್ಯವನ್ನು ಪ್ರಕರಣದಿಂದಲೂ ಬಿಡಿಸಿ ಅರ್ಥ ಹೇಳಲಾಗದೆಂಬ ಮಾತು ಹೊಸದಲ್ಲ. ನನ್ನ ಒಲವು ಕ್ರಾಕೌವರರ ಕಡೆಗೇ.

ಆದರೆ ಶಿಸ್ತೆಂದರೇನು? ಮೊದಲನೆಯದಾಗಿ, ನಡೆದ ಮಾತನ್ನು ಧ್ವನಿಮುದ್ರಿಸಿ, ನಡೆದಂತೆಯೇ ಅಕ್ಷರಕ್ಕಿಳಿಸುವುದು. ಕ್ಯಾಲಿಫೋರ್ನಿಯಾದಲ್ಲಿ ಹಾರ್ವಿ ಸ್ಯಾಕ್ಸ್ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಿಂದ ಬೆಳೆಸಿದ ಸಂಭಾಷಣಾ ವಿಶ್ಲೇಷಣೆಯಲ್ಲಿ, ಸೆಕೆಂಡಿನ ಹತ್ತನೆಯ ಒಂದಂಶದಷ್ಟು ಮೌನವನ್ನೂ ಬರೆದಿಡುತ್ತಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಎಲ್ಲಿ ಏರಿತು, ಉಸಿರನ್ನು ಎಲ್ಲಿ ಎಳೆದುಕೊಂಡರು ಎಂಬುದಕ್ಕೂ ಚಿಹ್ನೆಗಳಿವೆ. ಆಮೇಲೆ ಸಾಲುಸಾಲಾಗಿ ಓದಿ, ಅಲ್ಲಿ ನಡೆಯುತ್ತಿರುವುದಕ್ಕೆ ಹೆಸರಿಟ್ಟು, ಒಂದು ಪ್ರಸಂಗವನ್ನು ಮತ್ತೊಂದರೊಡನೆ ಹೋಲಿಸಿ, ತನ್ನ ನಿರ್ಣಯಕ್ಕೆ ಒಗ್ಗದ ಪ್ರಸಂಗವನ್ನು ತಾನೇ ಹುಡುಕಿಕೊಂಡು ಹೋಗಬೇಕು. 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು, ಸಿದ್ಧಾಂತವು ಮೊದಲೇ ಸಿದ್ಧವಾಗಿದ್ದು ಸಾಮಗ್ರಿಯ ಮೇಲೆ ಹೇರಲ್ಪಡಬಾರದು, ಸಾಮಗ್ರಿಯೊಳಗಿನಿಂದಲೇ ಮೂಡಿ ಬರಬೇಕು ಎಂದು ಪ್ರತಿಪಾದಿಸಿದುದು ಈ ಅಭಿಪ್ರಾಯದಿಂದಲೇ.

ಕನ್ನಡದ ಗಡಿಯಲ್ಲಿಯೇ ಇಂಥ ವ್ಯಾಸಂಗವೊಂದು ನಡೆದು ಜಗತ್ಪ್ರಸಿದ್ಧವಾಯಿತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಇತರರು ಮರಾಠಿಯನ್ನು, ಕೆಲವರು ತೆಲುಗನ್ನು ಆಡುತ್ತಿದ್ದರು. ಯಾರು ಯಾರೊಡನೆ ಯಾವ ನುಡಿಯಲ್ಲಿ ಮಾತನಾಡುತ್ತಾರೆಂಬುದನ್ನು ಗಮನಿಸಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು, ಮನೆಯೊಳಗೆ ಅವರವರ ನುಡಿಯೇ ಉಳಿದಿದ್ದರೂ ಶತಮಾನಗಳ ನೆರೆಹೊರೆಯಿಂದ ಆ ನುಡಿಗಳ ವಾಕ್ಯರಚನೆಗಳು ಬಹಳ ಹತ್ತಿರ ಬಂದಿರುವುದನ್ನು 1971ರಲ್ಲಿ ತೋರಿಸಿದರು. ಇದೇ ಗಂಪರ್ಜರು ಮುಂದೆ ಲಂಡನ್ನಿನ ವಿಮಾನನಿಲ್ದಾಣವೊಂದರ ಸಿಬ್ಬಂದಿಯ ಭೋಜನಶಾಲೆಯಲ್ಲಿ ಕೆಲಸಮಾಡುತ್ತಿದ್ದ ಭಾರತ ಮತ್ತು ಪಾಕಿಸ್ತಾನದ ಹೆಂಗಸರನ್ನು ಕುರಿತು ಬರೆದರು. ಮಾಂಸದ ಜೊತೆಗೆ ಗ್ರೇವಿ ಬೇಕೇ ಎಂದು ಕೇಳುವಾಗ ಆಂಗ್ಲ ಹೆಂಗಸರು ಆ ಒಂದು ಪದವನ್ನೇ ಸ್ವರವೇರಿಸಿ ಹೇಳುತ್ತಿದ್ದರು. ನಮ್ಮವರು ಸ್ವರವಿಳಿಸಿ ಹೇಳುತ್ತಿದ್ದರು. ಅವರಿಗದು ಉಪಚಾರದ ಪ್ರಶ್ನೆ. ಕೇಳಿದ ಆಂಗ್ಲರಿಗೆ ಅದು ಬೇಕಾದರೆ ತೆಗೆದುಕೋ ಎಂಬ ಉದ್ಧಟತನ. ಧ್ವನಿಮುದ್ರಿಕೆಯನ್ನು ಎರಡು ಪಂಗಡಗಳಿಗೂ ಕೇಳಿಸಿ ಚರ್ಚಿಸಿದ ಮೇಲೆಯೇ ವೈಮನಸ್ಯದ ಮೂಲ ತಿಳಿದುದು.

ಬೆಲ್‌ರೋಸಿನ ಹಿಲ್‌ಸೈಡ್ ಅವೆನ್ಯೂವಿನ ಆಚೀಚೆ ಭಾರತದ ನಾನಾ ನುಡಿಗಳು ಕಿವಿಗೆ ಬೀಳುತ್ತವೆ. ಇಲ್ಲಿ ಮಕ್ಕಳ ಮನೆಗೆ ಬಂದು ನೆಲೆಸಿದ ನಮ್ಮ ಹಿರಿಯರು ವೈದ್ಯರ ಬಳಿಗೆ ಹೋದಾಗ ನಡೆಯುವುದನ್ನು ನೆನೆಯಿರಿ. ನೋವು ಎಂದಿನಿಂದ ಎಂಬ ಪ್ರಶ್ನೆಗೆ ತಾಯಿ ಊರಿನಿಂದ ಹೊರಟ ದಿನದಿಂದಲೇ ಆರಂಭಿಸುತ್ತಾರೆ. ಏಕಾದಶಿಯ ಉಪವಾಸ, ತಂಗಿಯ ದೂರವಾಣಿ, ಬಾರದ ನಿದ್ರೆ, ಎಲ್ಲವೂ ಬರುತ್ತವೆ. ಪಕ್ಕದಲ್ಲಿ ಕುಳಿತ ಮಗನು ಇಂಗ್ಲಿಷಿನಲ್ಲಿ ಎರಡು ವಾರದಿಂದ ಎಂದಷ್ಟೇ ಹೇಳುತ್ತಾನೆ. ಎಲಿಯಟ್ ಮಿಶ್ಲರ್ ಎಂಬ ವಿದ್ವಾಂಸರು ವೈದ್ಯರ ಮತ್ತು ರೋಗಿಗಳ ಸಂಭಾಷಣೆಗಳನ್ನು ಪರೀಕ್ಷಿಸಿ 1984ರಲ್ಲಿ ಬರೆದ ಗ್ರಂಥದಲ್ಲಿ, ವೈದ್ಯಶಾಸ್ತ್ರದ ದನಿಯು ಬಾಳಿನ ದನಿಯನ್ನು ಪದೇ ಪದೇ ತಡೆಯುವುದನ್ನು ತೋರಿಸಿದ್ದಾರೆ. ಅಲ್ಲಿ ಇಬ್ಬರೂ ಒಂದೇ ಭಾಷೆಯವರು. ಇಲ್ಲಿ ನಡುವೆ ಮಗನೊಬ್ಬನಿದ್ದಾನೆ, ತಾಯಿಯ ಮೇಲಣ ಮಮತೆಯಿಂದಲೇ ಮಾತನ್ನು ಮೊಟಕುಮಾಡತಕ್ಕವನು.

ಇದನ್ನು ಅಭ್ಯಾಸ ಮಾಡುವ ಕನ್ನಡಿಗರು ಮುಂದೆ ಬರಬೇಕೆಂಬುದು ನನ್ನ ಹೃತ್ಪೂರ್ವಕವಾದ ಆಸೆ. ತಾಯಿಯ, ಮಗನ, ವೈದ್ಯರ ಒಪ್ಪಿಗೆಯನ್ನು ಮೊದಲು ಪಡೆಯಬೇಕು; ಕನ್ನಡದ ಮಾತನ್ನು ಕನ್ನಡದಲ್ಲಿಯೇ ಅಕ್ಷರಕ್ಕಿಳಿಸಬೇಕು, ಅನುವಾದವನ್ನು ಅದರ ಕೆಳಗೆ ಬರೆಯಬಹುದಲ್ಲದೆ ಅದರ ಸ್ಥಾನದಲ್ಲಿ ಇಡಬಾರದು. ಬರೆದುದನ್ನು ತಾಯಿಗೆ ಓದಿ ಹೇಳಿ, ತಾನು ಹೇಳಿದ್ದು ಅದಲ್ಲವೆಂದು ಆಕೆ ಎಂದರೆ ಅದನ್ನೂ ದಾಖಲೆಗೆ ಸೇರಿಸಬೇಕು. ಧಾರವಾಡದ ಕಡೆಯ ಅಜ್ಜಿಯ ಮಾತು ಮೈಸೂರಿನ ಕಡೆಯವರ ಕಿವಿಗೆ ಗದರಿಕೆಯಂತೆ ಕೇಳಿಸುವುದುಂಟು. ಆದುದರಿಂದ ಒಂದೇ ಧ್ವನಿಮುದ್ರಿಕೆಯನ್ನು ಎರಡು ಸೀಮೆಗಳವರು ಬೇರೆ ಬೇರೆಯಾಗಿ ಕೇಳಿ ಬರೆದು, ಬರಹಗಳು ಭಿನ್ನವಾದೆಡೆ ಮೂಲವನ್ನು ಜೊತೆಯಲ್ಲಿ ಕುಳಿತು ಮತ್ತೆ ಕೇಳತಕ್ಕದ್ದು.