ಒಂದೇ ಪವಾಡ, ಎರಡು ಉತ್ತರ: ಸೂಚಕಕಾರ್ಯಗಳ ಮುಂದೆ ವಿಶ್ವಾಸ ಮತ್ತು ಅವಿಶ್ವಾಸ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಸೇವೆ ಸಲ್ಲಿಸುವ ಯಾವ ಗುರುವಿಗೂ ಒಂದು ಪ್ರಶ್ನೆ ಅಪರಿಚಿತವಲ್ಲ. ತೊಗರಿ ಹೊಲದಿಂದ, ಕಲ್ಲುಗಣಿಯಿಂದ, ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಕಾಯಿಲೆಯ ಮಗುವನ್ನು ಎತ್ತಿಕೊಂಡು ದೇವಾಲಯದ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಫಾದರ್, ಪ್ರಾರ್ಥನಾ ಮಾಡಿದ್ರ ಕೂಸಿಗಿ ಆರಾಮ ಆಗ್ತದೇನ್ರಿ?" ಗುರುಗಳು ತಮ್ಮ ತಮ್ಮಲ್ಲೇ ಕೇಳಿಕೊಳ್ಳುವ ಇನ್ನೊಂದು ಪ್ರಶ್ನೆಯೂ ಉಂಟು. ಪ್ರಾರ್ಥನೆಯ ನಂತರ ಗುಣವಾದ ಮನೆಯವರು ಮತ್ತೆ ಈ ಕಡೆ ಸುಳಿಯಲಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ತಾಯಿ ಮಾತ್ರ ಒಂದು ಭಾನುವಾರದ ಬಲಿಪೂಜೆಯನ್ನೂ ತಪ್ಪಿಸಿಲ್ಲ. ಇದು ಹೇಗೆ?

ಪವಾಡ ನಡೆದರೆ ವಿಶ್ವಾಸ ತಾನಾಗಿ ಹುಟ್ಟುತ್ತದೆ, ನಡೆಯದಿದ್ದರೆ ವಿಶ್ವಾಸ ಕುಸಿಯುತ್ತದೆ ಎಂಬ ಲೆಕ್ಕ ನಮ್ಮ ಅನುಭವಕ್ಕೆ ಹೊಂದುವುದಿಲ್ಲ. ಶುಭಸಂದೇಶಕ್ಕಂತೂ ಹೊಂದುವುದೇ ಇಲ್ಲ. ಪವಾಡವು ಮನುಷ್ಯನಿಗೆ ದೇವರು ಹಾಕುವ ಪ್ರಶ್ನೆ. ಅದಕ್ಕೆ ಕೊಡುವ ಉತ್ತರ ಕಣ್ಣಿನಲ್ಲಿ ನಿರ್ಧಾರವಾಗದೆ, ಕೃಪಾವರಕ್ಕೆ ತೆರೆದುಕೊಳ್ಳುವ ಅಥವಾ ಮುಚ್ಚಿಕೊಳ್ಳುವ ಹೃದಯದಲ್ಲಿ ನಿರ್ಧಾರವಾಗುತ್ತದೆ. ಈ ಮಾತನ್ನು ಶ್ರೀಗ್ರಂಥ, ಧರ್ಮಸಭೆಯ ಬೋಧನೆ ಮತ್ತು ನಮ್ಮ ನೆಲದ ಅನುಭವದ ಹಿನ್ನೆಲೆಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

1. ಪದಗಳು ಹೇಳುವುದೇನು?

ಕನ್ನಡದಲ್ಲಿ 'ಪವಾಡ' ಎಂದೊಡನೆ ಮನಸ್ಸಿಗೆ ಬರುವುದು ಪ್ರಕೃತಿಯ ನಿಯಮವನ್ನು ಮೀರಿದ, ಬೆರಗು ಹುಟ್ಟಿಸುವ ಘಟನೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಇದಕ್ಕೆ ಹತ್ತಿರವಾದ ಪದ 'ತೆರಾಸ್', ಅಂದರೆ ಅದ್ಭುತ. ಆದರೆ ಯೇಸುವಿನ ಕಾರ್ಯಗಳನ್ನು ಕುರಿತು ಹೇಳುವಾಗ ಈ ಪದ ಒಂಟಿಯಾಗಿ ಬಳಕೆಯಾಗುವುದಿಲ್ಲ. ಮೊದಲ ಮೂರು ಶುಭಸಂದೇಶಗಳು 'ದುನಾಮಿಸ್', ಅಂದರೆ ಮಹತ್ಕಾರ್ಯ, ಎಂಬ ಪದಕ್ಕೆ ಆದ್ಯತೆ ನೀಡುತ್ತವೆ. ಸಂತ ಯೊವಾನ್ನರು 'ಸೆಮೆಯೊನ್', ಅಂದರೆ ಸೂಚಕಕಾರ್ಯ, ಎನ್ನುತ್ತಾರೆ. ಸೂಚಕವು ತನ್ನಾಚೆಗಿನ ಒಂದನ್ನು ತೋರಿಸುತ್ತದೆ. ವಾಡಿ ಜಂಕ್ಷನ್ನಿನ ನಾಮಫಲಕದ ಕೆಳಗೇ ಕುಳಿತವನು ರೈಲು ಹತ್ತಿದಂತಾಗುವುದಿಲ್ಲ. ಹಾಗೆಯೇ ಸೂಚಕದಲ್ಲೇ ನಿಂತವನು ಸೂಚಿತನಾದ ಪ್ರಭುವನ್ನು ತಲುಪಿದಂತಾಗುವುದಿಲ್ಲ.

ಈ ವಿವೇಚನೆ ನಮ್ಮ ಜನರಿಗೆ ಹೊಸತೇನಲ್ಲ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಬರುವ ಅಲ್ಲಮ-ಗೋರಕ್ಷರ ಪ್ರಸಂಗ ಈ ಸೀಮೆಯ ಹಿರಿಯರಿಗೆ ಗೊತ್ತು. ಕತ್ತಿಯೇಟಿಗೂ ಜಗ್ಗದ ವಜ್ರಕಾಯವನ್ನು ಸಾಧಿಸಿದ ಗೋರಕ್ಷನಿಗೆ, ದೇಹವನ್ನು ಗಟ್ಟಿಮಾಡಿಕೊಳ್ಳುವ ಸಿದ್ಧಿ ಬೇರೆ, ಅರಿವು ಬೇರೆ ಎಂಬುದು ಅಲ್ಲಮನ ಮುಂದೆ ಮನವರಿಕೆಯಾಗುತ್ತದೆ. ನಮ್ಮ ವಿಶ್ವಾಸದ ಅಡಿಪಾಯ ಬೇರೆಯದೇ ಆದರೂ, ಸಾಮರ್ಥ್ಯದ ಪ್ರದರ್ಶನವೇ ಸತ್ಯದ ಪ್ರಮಾಣವಲ್ಲ ಎಂಬ ಎಚ್ಚರವನ್ನು ಈ ನೆಲ ಮೊದಲೇ ಬಲ್ಲದು.

2. ಒಂದೇ ಸಮಾಧಿಯ ಮುಂದೆ

ಬೆಥಾನಿಯದಲ್ಲಿ ಸತ್ತು ನಾಲ್ಕು ದಿನವಾಗಿದ್ದ ಲಾಜರನು ಎದ್ದು ಬಂದುದನ್ನು ಕಂಡವರು ಒಂದೇ ಗುಂಪಿನವರು. ಅವರಲ್ಲಿ ಅನೇಕರು ಯೇಸುವಿನಲ್ಲಿ ವಿಶ್ವಾಸವಿಟ್ಟರು; ಕೆಲವರು ನೇರವಾಗಿ ಫರಿಸಾಯರ ಬಳಿಗೆ ಹೋಗಿ ವರದಿ ಒಪ್ಪಿಸಿದರು (ಯೊವಾ 11:45-46). ಮುಂದಿನದು ಇನ್ನೂ ಗಂಭೀರ. ಸಭೆ ಸೇರಿದ ಮುಖಂಡರು ಸೂಚಕಕಾರ್ಯ ನಡೆದೇ ಇಲ್ಲವೆಂದು ವಾದಿಸುವುದಿಲ್ಲ. ಈತನು ಬಹಳ ಸೂಚಕಕಾರ್ಯಗಳನ್ನು ಮಾಡುತ್ತಿದ್ದಾನೆಂದು ಒಪ್ಪಿಕೊಂಡೇ ಕೊಲ್ಲುವ ನಿರ್ಧಾರಕ್ಕೆ ಬರುತ್ತಾರೆ (11:47-53). ಬಳಿಕ, ಜೀವಂತ ಸಾಕ್ಷಿಯಾದ ಲಾಜರನನ್ನೂ ಮುಗಿಸಲು ಯೋಚಿಸುತ್ತಾರೆ (12:10). ಅಲ್ಲಿ ಪುರಾವೆಗೆ ಕೊರತೆಯಿರಲಿಲ್ಲ. ಪುರಾವೆಯನ್ನು ಒಪ್ಪಿಕೊಂಡರೆ ತಮ್ಮ ಸ್ಥಾನಮಾನ ಏನಾದೀತೆಂಬ ಭಯವಿತ್ತು.

ಈ ಒಗಟನ್ನು ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ ಥಿಯೊಲೊಜಿಯೆ'ಯಲ್ಲಿ, ವಿಶ್ವಾಸದ ಕಾರಣವನ್ನು ಚರ್ಚಿಸುವಾಗ, ಸರಳವಾಗಿ ಮುಂದಿಡುತ್ತಾರೆ. ಒಂದೇ ಪವಾಡವನ್ನು ಕಂಡು, ಒಂದೇ ಬೋಧನೆಯನ್ನು ಕೇಳಿದವರಲ್ಲಿ ಕೆಲವರು ನಂಬುತ್ತಾರೆ, ಕೆಲವರು ನಂಬುವುದಿಲ್ಲ. ಆದ್ದರಿಂದ ಹೊರಗಿನ ಕಾರಣವೊಂದೇ ಸಾಲದು. ಒಳಗಿನಿಂದ ಮನಸ್ಸನ್ನು ಚಲಿಸುವ ದೇವರ ಕೃಪೆ ಬೇಕು. ಅದೇ ಗ್ರಂಥದ ಇನ್ನೊಂದೆಡೆ ಅವರು ದೆವ್ವಗಳ ನಂಬಿಕೆಯನ್ನು ಪರಿಶೀಲಿಸುತ್ತಾರೆ. ಸೂಚನೆಗಳ ಸ್ಪಷ್ಟತೆಯಿಂದಾಗಿ ದೆವ್ವಗಳಿಗೆ ನಂಬದೆ ಗತ್ಯಂತರವಿಲ್ಲ. ಆದರೆ ಅದು ಬಲವಂತದ ಒಪ್ಪಿಗೆಯಾದ್ದರಿಂದ ಅದರಲ್ಲಿ ಪ್ರೀತಿಯಿಲ್ಲ, ಪುಣ್ಯವೂ ಇಲ್ಲ. ಬೆರಗಿನಿಂದ ಜನರ ಬಾಯಿ ಮುಚ್ಚಿಸಿ ವಿಶ್ವಾಸಕ್ಕೆ ಎಳೆಯಬಹುದೆಂದು ಭಾವಿಸುವ ಬೋಧಕನು ಈ ಭಾಗವನ್ನು ಮತ್ತೆ ಮತ್ತೆ ಓದಬೇಕು.

1870ರಲ್ಲಿ ಒಂದನೆಯ ವ್ಯಾಟಿಕನ್ ಮಹಾಸಭೆಯು 'ದೇಯಿ ಫೀಲಿಯುಸ್' ಸಂವಿಧಾನದ ಮೂರನೇ ಅಧ್ಯಾಯದಲ್ಲಿ ಎರಡೂ ಅಂಶಗಳನ್ನು ಒಟ್ಟಿಗೆ ಹಿಡಿದಿದೆ. ಪವಾಡಗಳು ದೈವಪ್ರಕಟಣೆಯ ಖಚಿತ ಸೂಚನೆಗಳು, ಎಲ್ಲರ ಬುದ್ಧಿಗೂ ನಿಲುಕುವಂಥವು. ಹಾಗಿದ್ದರೂ ಪವಿತ್ರಾತ್ಮರ ಪ್ರಕಾಶವಿಲ್ಲದೆ ಯಾರೂ ರಕ್ಷಣೆಗೆ ಬೇಕಾದ ರೀತಿಯಲ್ಲಿ ಶುಭಸಂದೇಶಕ್ಕೆ ಸಮ್ಮತಿಸಲಾರರು. ಮೊದಲನೆಯದನ್ನು ಮರೆತರೆ ವಿಶ್ವಾಸವು ಕುರುಡು ಜಿಗಿತವಾಗುತ್ತದೆ. ಎರಡನೆಯದನ್ನು ಮರೆತರೆ ಅದು ಪುರಾವೆಯ ಲೆಕ್ಕಾಚಾರವಾಗುತ್ತದೆ.

3. ಅವಿಶ್ವಾಸದ ಹಲವು ಮುಖಗಳು

ಅವಿಶ್ವಾಸವೆಂದರೆ ಒಂದೇ ಬಗೆಯದಲ್ಲ. ಶುಭಸಂದೇಶಕರ್ತರು ಅದರ ಮುಖಗಳನ್ನು ಬೇರೆ ಬೇರೆಯಾಗಿಯೇ ಚಿತ್ರಿಸಿದ್ದಾರೆ. ನಜರೇತಿನವರದು ಸಲುಗೆಯ ಅವಿಶ್ವಾಸ: ಬಡಗಿಯ ಮಗನಿಂದ ಏನಾದೀತು ಎಂಬ ತಾತ್ಸಾರದ ಮುಂದೆ ಯೇಸು ಕೆಲವೇ ರೋಗಿಗಳನ್ನು ಗುಣಪಡಿಸಲು ಸಾಧ್ಯವಾಯಿತು (ಮಾರ್ಕ 6:5-6). ಜೆರುಸಲೇಮಿನಿಂದ ಬಂದ ಶಾಸ್ತ್ರಿಗಳದು ಹಗೆಯ ಅವಿಶ್ವಾಸ: ಒಳಿತನ್ನು ಕಣ್ಣಾರೆ ಕಂಡೂ ಅದನ್ನು ಬೆಲ್ಜೆಬೂಲನ ಲೆಕ್ಕಕ್ಕೆ ಬರೆದರು (ಮಾರ್ಕ 3:22). ರೊಟ್ಟಿ ತಿಂದ ಜನಸಮೂಹದ್ದು ಲಾಭದ ಅವಿಶ್ವಾಸ: ಹೊಟ್ಟೆ ತುಂಬಿದ್ದಕ್ಕಾಗಿ ಹುಡುಕಿಕೊಂಡು ಬಂದವರಲ್ಲಿ ಅನೇಕರು, ಜೀವದಾಯಕ ರೊಟ್ಟಿಯ ಬೋಧನೆ ಕಠಿಣವೆನಿಸಿದಾಗ ಹಿಂದಿರುಗಿದರು (ಯೊವಾ 6:26, 66). ಒಂಬತ್ತು ಮಂದಿ ಕುಷ್ಠರೋಗಿಗಳದು ಮರೆವು. ಗುಣವಾಗಲು ಅವರಿಗೆ ಸಾಕಷ್ಟು ನಂಬಿಕೆಯಿತ್ತು. ಮರಳಿ ಬಂದು ಸ್ತುತಿಸಿದವನು ಸಮಾರಿಯದವನೊಬ್ಬನೇ (ಲೂಕ 17:11-19).

ನಮ್ಮ ಸಂದರ್ಭಕ್ಕೆ ಬಹು ಹತ್ತಿರವಾದದ್ದು ಲುಸ್ತ್ರದ ಘಟನೆ (ಪ್ರೇ.ಕಾ. 14:8-20). ಹುಟ್ಟು ಕುಂಟನೊಬ್ಬನು ಎದ್ದು ನಡೆದದ್ದನ್ನು ಕಂಡ ಜನರು ಪೌಲ-ಬಾರ್ನಬರನ್ನು ತಮ್ಮ ದೇವತೆಗಳೆಂದೇ ಬಗೆದು, ಹೋರಿಗಳನ್ನೂ ಹೂಮಾಲೆಗಳನ್ನೂ ತಂದು ಬಲಿಗೆ ಸಿದ್ಧರಾದರು. ಸ್ವಲ್ಪದರಲ್ಲೇ ಅದೇ ಊರಿನಲ್ಲಿ ಪೌಲರ ಮೇಲೆ ಕಲ್ಲುಗಳು ಬಿದ್ದವು. ಜನರು ಪವಾಡವನ್ನು ತಮಗೆ ಮೊದಲೇ ಗೊತ್ತಿರುವ ಚೌಕಟ್ಟಿನಲ್ಲಿ ಓದುತ್ತಾರೆ. ಬೋಧನೆ ಜೊತೆಗೂಡದ ಪವಾಡವು ಒಂದು ದಿನ ಪೂಜೆಯನ್ನೂ ಮರುದಿನ ಕಲ್ಲನ್ನೂ ತರಬಲ್ಲದು.

ಇವೆಲ್ಲಕ್ಕೂ ಎದುರಾಗಿ ನಿಲ್ಲುವವನು ಹುಟ್ಟುಗುರುಡ (ಯೊವಾ 9). ಅವನಿಗೆ ದೃಷ್ಟಿ ಬಂದದ್ದು ಸಿಲೋವ ಕೊಳದಲ್ಲಿ ತೊಳೆದುಕೊಂಡಾಗ. ವಿಶ್ವಾಸ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಯೇಸು ಎಂಬ ಮನುಷ್ಯ, ಆಮೇಲೆ ಪ್ರವಾದಿ, ಬಳಿಕ ದೇವರಿಂದ ಬಂದವರು, ಕೊನೆಗೆ ಪ್ರಭು. ಈ ಮೆಟ್ಟಿಲುಗಳ ನಡುವೆ ವಿಚಾರಣೆ, ನಿಂದೆ, ಬಹಿಷ್ಕಾರ ಎಲ್ಲವೂ ಇವೆ. ತಂದೆತಾಯಿಗಳು ಭಯದಿಂದ ನುಣುಚಿಕೊಂಡಲ್ಲಿ ಅವನು ನಿಂತನು.

4. ಮಳೆ ಕಂಡ ಅರಸ

ಕರ್ನಾಟಕದ ಕರಾವಳಿಯಲ್ಲಿ 1681ರಿಂದ 1684ರವರೆಗೆ ದುಡಿದು, ಮುಂದೆ ಶ್ರೀಲಂಕೆಯ ಪ್ರೇಷಿತರೆನಿಸಿದ ಸಂತ ಜೋಸೆಫ್ ವಾಜರ ಬದುಕು ಇಲ್ಲಿ ಬೆಳಕು ನೀಡುತ್ತದೆ. ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ ಅವರನ್ನು ಗೂಢಚಾರರೆಂದು ಬಂಧಿಸಲಾಯಿತು. ಬಳಿಕ ತೀವ್ರ ಬರ ಬಂದಾಗ ಅರಸ ಎರಡನೇ ವಿಮಲಧರ್ಮಸೂರ್ಯನ ಕೋರಿಕೆಯ ಮೇರೆಗೆ ವಾಜರು ಬಹಿರಂಗವಾಗಿ ಶಿಲುಬೆಯ ಮುಂದೆ ಪ್ರಾರ್ಥಿಸಿದರೆಂದೂ ಮಳೆ ಸುರಿಯಿತೆಂದೂ ಅವರ ಚರಿತ್ರೆ ಹೇಳುತ್ತದೆ. ಅರಸನು ಅವರಿಗೆ ಬೋಧನಾ ಸ್ವಾತಂತ್ರ್ಯ ನೀಡಿದನು. ಆದರೆ ತಾನು ಕ್ರೈಸ್ತನಾಗಲಿಲ್ಲ. ಬೌದ್ಧ ಧರ್ಮದಲ್ಲೇ ಉಳಿದು, ಭಿಕ್ಷುದೀಕ್ಷೆಯ ಪರಂಪರೆಯನ್ನು ಊರ್ಜಿತಗೊಳಿಸಲು ಅರಾಕಾನದಿಂದ ಭಿಕ್ಷುಗಳನ್ನು ಕರೆಸಿದನು.

ಆತನನ್ನು ಅವಿಶ್ವಾಸಿಯೆಂದು ಹಳಿಯಲು ವಾಜರು ಮುಂದಾಗಲಿಲ್ಲ. 1697ರಲ್ಲಿ ಸಿಡುಬು ಹಬ್ಬಿ ಜನರು ತಮ್ಮ ರೋಗಿಗಳನ್ನು ತೊರೆದಾಗ, ಜಾತಿಮತ ನೋಡದೆ ಅವರ ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. ಮಳೆಯು ಅರಸನಿಂದ ಅನುಮತಿಯನ್ನು ತಂದಿತು. ಜನರ ಮನಸ್ಸನ್ನು ಮುಟ್ಟಿದ್ದು ಆ ಸೇವೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಎರಡನೇ ಪವಾಡದ ನಿಯಮವನ್ನು ಸಡಿಲಿಸಿ ವಾಜರನ್ನು ಸಂತರೆಂದು ಘೋಷಿಸಿದ್ದು ಈ ದೃಷ್ಟಿಯಿಂದಲೂ ಮನನೀಯ.

5. ನಮ್ಮ ನೆಲದ ನಿರೀಕ್ಷೆ, ನಮ್ಮ ನೆಲದ ಸಂಶಯ

ಪವಾಡದ ನಿರೀಕ್ಷೆ ಈ ಪ್ರದೇಶದ ಧಾರ್ಮಿಕ ಬದುಕಿನ ಉಸಿರು. ಕಲಬುರಗಿಯ ಶರಣಬಸವೇಶ್ವರ ದೇವಾಲಯಕ್ಕೂ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೂ ಜಾತಿಮತದ ಗಡಿ ದಾಟಿ ಜನ ಹರಕೆ ಹೊರುತ್ತಾರೆ. ಸೇಡಂ ತಾಲ್ಲೂಕಿನ ಯಾನಾಗುಂದಿಯ ಮಾತೆ ಮಾಣಿಕೇಶ್ವರಿಯವರು ಅನ್ನನೀರು ಬಿಟ್ಟು ಬದುಕಿದವರೆಂಬ ನಂಬಿಕೆಯಿಂದ, 2020ರಲ್ಲಿ ಅವರು ನಿಧನರಾಗುವವರೆಗೂ, ಎರಡು ರಾಜ್ಯಗಳ ಭಕ್ತರು ಬೆಟ್ಟ ಹತ್ತಿದರು. ನಮ್ಮ ದೇವಾಲಯಕ್ಕೆ ಬರುವವರೂ ಇದೇ ಮನೋಲೋಕದವರು. ಈ ಹಂಬಲವನ್ನು ಗೇಲಿ ಮಾಡುವ ಅಧಿಕಾರ ನಮಗಿಲ್ಲ. ಯೇಸುವಿನ ಉಡುಪಿನ ಅಂಚನ್ನು ಮುಟ್ಟಿದ ಹೆಂಗಸಿನ ಹಂಬಲವೂ ಇಂಥದೇ ಆಗಿತ್ತು.

ಆದರೆ ಹಂಬಲವು ದಾರಿ ತಪ್ಪಿದಾಗ ಮಕ್ಕಳು ಬೆಲೆ ತೆರುತ್ತಾರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಸುದ್ದಿ ನಾಡನ್ನು ಕಲಕಿತು. ಅದು ಪ್ರೀತಿಯಿಲ್ಲದ ತಂದೆತಾಯಿಗಳ ಕೃತ್ಯವಲ್ಲ, ದಿಕ್ಕು ಕಾಣದವರದು. ಮೌಢ್ಯಾಚರಣೆಗಳ ವಿರುದ್ಧದ ಕರ್ನಾಟಕದ 2017ರ ಕಾಯ್ದೆಯು ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರತಂತ್ರ ಮಾಡುವುದನ್ನು ಅಪರಾಧವೆಂದಿದೆ. ಪ್ರಾರ್ಥನೆಯ ಹೆಸರಿನಲ್ಲಿ ಔಷಧ ಬಿಡಿಸುವ ಕ್ರೈಸ್ತ ಬೋಧಕನು ನೈತಿಕವಾಗಿ ಇದಕ್ಕಿಂತ ಭಿನ್ನನೇನಲ್ಲ.

ಪರೀಕ್ಷೆಗೆ ನಾವು ಅಂಜಬೇಕಾಗಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅನೇಕ ಭಕ್ತರು ಅದನ್ನು ಅಪಚಾರವೆಂದು ಬಗೆದರು. ಧರ್ಮಸಭೆಯಾದರೋ ತಾನೇ ಇಂಥ ಪರಿಶೀಲನೆ ನಡೆಸುತ್ತ ಬಂದಿದೆ. ಲೂರ್ದಿನಲ್ಲಿ 1883ರಿಂದ ವೈದ್ಯಕೀಯ ಕಚೇರಿಯಿದೆ. ವರದಿಯಾದ 7,000ಕ್ಕೂ ಹೆಚ್ಚು ಗುಣಪ್ರಕರಣಗಳಲ್ಲಿ ಪವಾಡವೆಂದು ಮನ್ನಣೆ ಪಡೆದವು 70ಕ್ಕಿಂತ ತುಸು ಹೆಚ್ಚು ಮಾತ್ರ. ಪ್ರಾಮಾಣಿಕ ಸಂಶಯವು ವಿಶ್ವಾಸದ ವೈರಿಯಲ್ಲ. ತೋಮನಿಗೆ ಪ್ರಭು ಗಾಯಗಳನ್ನು ತೋರಿಸಿದರೇ ಹೊರತು ಬಾಗಿಲು ತೋರಿಸಲಿಲ್ಲ.

6. "ನಿಮ್ಮ ವಿಶ್ವಾಸ ಸಾಲದು"

ಗುಣವಾಗದ ರೋಗಿಗೆ ಆತನ ಅಲ್ಪವಿಶ್ವಾಸವೇ ಕಾರಣವೆಂದು ಹೇಳುವುದು ಇಂದು ಪ್ರಾರ್ಥನಾಕೂಟಗಳಲ್ಲಿ ಕೇಳಿಬರುವ ಅತ್ಯಂತ ಕ್ರೂರವಾದ ಮಾತು. ಮಗುವನ್ನು ಕಳೆದುಕೊಂಡ ತಾಯಿಗೆ ಅದು ಎರಡನೇ ಸಾವು. ಶ್ರೀಗ್ರಂಥ ಇದನ್ನು ಸಮರ್ಥಿಸುವುದಿಲ್ಲ. ಪಾರ್ಶ್ವವಾಯು ಪೀಡಿತನು ಗುಣವಾದಾಗ ಯೇಸು ಕಂಡದ್ದು ಅವನನ್ನು ಹೊತ್ತು ತಂದವರ ವಿಶ್ವಾಸವನ್ನೂ ಹೌದು (ಮಾರ್ಕ 2:5). 38 ವರ್ಷ ಕೊಳದ ಬಳಿ ಬಿದ್ದಿದ್ದವನಿಗೆ ಯೇಸು ಯಾರೆಂಬುದೂ ತಿಳಿದಿರಲಿಲ್ಲ (ಯೊವಾ 5:13). ಇನ್ನೊಂದೆಡೆ, ಪೌಲರು ಮೂರು ಬಾರಿ ಬೇಡಿಕೊಂಡರೂ ಶರೀರದ ಮುಳ್ಳು ತೊಲಗಲಿಲ್ಲ (2 ಕೊರಿಂಥ 12:7-9). ಅವರು ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬರಬೇಕಾಯಿತು (2 ತಿಮೊಥೇಯ 4:20). ಇವರ ವಿಶ್ವಾಸ ಸಾಲದೆಂದು ಹೇಳುವ ಧೈರ್ಯ ಯಾರಿಗಿದೆ? ಮೂರ್ಛೆರೋಗದ ಮಗನ ತಂದೆ ತನ್ನ ವಿಶ್ವಾಸವನ್ನೂ ಅವಿಶ್ವಾಸವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡನು (ಮಾರ್ಕ 9:24). ಪ್ರಭು ಆ ಅರೆಬರೆ ಪ್ರಾರ್ಥನೆಯನ್ನು ತಳ್ಳಿಹಾಕಲಿಲ್ಲ.

7. ಪಾಲನಾ ಸೇವೆಗೆ ಕೆಲವು ಸೂತ್ರಗಳು

ಮೊದಲನೆಯದಾಗಿ, ಗುಣವಾಗಲೆಂದು ಪ್ರಾರ್ಥಿಸಲು ಹಿಂಜರಿಯಬಾರದು. ಫಲಿತಾಂಶದ ಭರವಸೆಯನ್ನು ಮಾತ್ರ ಕೊಡಬಾರದು. 2000ದ ಸೆಪ್ಟೆಂಬರ್ 14ರಂದು ವಿಶ್ವಾಸ ಸಿದ್ಧಾಂತ ಆಯೋಗ ಹೊರಡಿಸಿದ ಸೂಚನಾಪತ್ರವು ಇಂಥ ಪ್ರಾರ್ಥನೆಗಳನ್ನು ಸ್ವಾಗತಿಸುತ್ತಲೇ ಉನ್ಮಾದ, ನಾಟಕೀಯತೆ, ಅಬ್ಬರಗಳನ್ನು ನಿಷೇಧಿಸುತ್ತದೆ. ಗುಣವಾದವರ ಸಾಕ್ಷ್ಯವನ್ನು ಸರಳವಾಗಿ ಸಂಗ್ರಹಿಸಿ ಧರ್ಮಸಭೆಯ ಅಧಿಕಾರಿಗಳಿಗೆ ಒಪ್ಪಿಸಬೇಕೆನ್ನುತ್ತದೆ.

ಎರಡನೆಯದಾಗಿ, ವೈದ್ಯರನ್ನೂ ಪ್ರಾರ್ಥನೆಯನ್ನೂ ಬೇರ್ಪಡಿಸಬಾರದು. ಗಣಿಯ ಧೂಳು ಕುಡಿದು ಕೆಮ್ಮುವವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಗುರುವು, ಅವನು ಆಸ್ಪತ್ರೆಗೆ ಹೋದನೇ ಎಂದೂ ವಿಚಾರಿಸಬೇಕು. ಲಾಜರನನ್ನು ಎಬ್ಬಿಸಿದ ಪ್ರಭು ಸಮಾಧಿಯ ಕಲ್ಲನ್ನು ಸರಿಸುವ ಕೆಲಸವನ್ನು ಸುತ್ತ ನಿಂತವರಿಗೇ ವಹಿಸಿದರು. ಕಲ್ಲು ಎತ್ತಿಯೇ ಬದುಕುವ ಶಹಾಬಾದಿನ ಜನರಿಗೆ ಈ ವಾಕ್ಯ ತಟ್ಟನೆ ಅರ್ಥವಾಗುತ್ತದೆ.

ಮೂರನೆಯದಾಗಿ, ಗುಣವಾದವರಿಗೆ ಬೋಧನೆ ಬೇಕು, ಗುಣವಾಗದವರಿಗೆ ನಮ್ಮ ಸಂಗಾತ ಬೇಕು. ಗುಣವಾಗಿ ಹೋದವರ ಮನೆಗೆ ಒಮ್ಮೆ ಹೋಗಿ ಬರುವುದು, ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವನ್ನು ಕೊನೆಗಳಿಗೆಗೆ ಮುಂದೂಡದೆ ಸಕಾಲದಲ್ಲಿ ನೀಡುವುದು, ಸಾವಿನ ಮನೆಯಲ್ಲಿ ಮೂರನೆಯ ದಿನದ ಬಳಿಕವೂ ಕಾಣಿಸಿಕೊಳ್ಳುವುದು: ಇವು ಸಣ್ಣ ಕೆಲಸಗಳಂತೆ ತೋರಬಹುದು. ಆದರೆ ಸೂಚಕದಿಂದ ಸೂಚಿತನ ಕಡೆಗೆ ಜನರು ನಡೆಯುವುದು ಇವುಗಳ ಮೂಲಕವೇ.

ಬಾಗಿಲಲ್ಲಿ ನಿಂತು ಕೇಳುವವರಿಗೆ ನಾವು ಕೊಡಬಹುದಾದ ಪ್ರಾಮಾಣಿಕ ಉತ್ತರ ಇಷ್ಟೆ: ಪ್ರಾರ್ಥಿಸೋಣ, ಆಸ್ಪತ್ರೆಗೂ ಹೋಗೋಣ, ಏನೇ ಆದರೂ ಪ್ರಭು ನಿಮ್ಮ ಕೈಬಿಡುವುದಿಲ್ಲ, ನಾವೂ ಬಿಡುವುದಿಲ್ಲ. ಮಾತಿನ ಕೊನೆಯ ಭಾಗವನ್ನು ನಿಜವಾಗಿಸುವ ಹೊಣೆ ನಮ್ಮದು. ಸಂತ ಯೊವಾನ್ನರ ಶುಭಸಂದೇಶದಲ್ಲಿ ಕಾಣದೆ ನಂಬಿದವರನ್ನು ಪುನರುತ್ಥಾನಿ ಪ್ರಭು ಧನ್ಯರೆಂದು ಕರೆಯುತ್ತಾರೆ (20:29). ಮಗುವನ್ನು ಮಣ್ಣು ಮಾಡಿಯೂ ಭಾನುವಾರ ಪೀಠದ ಮುಂದೆ ಮೊಣಕಾಲೂರುವ ತಾಯಿ ಆ ಧನ್ಯರಲ್ಲಿ ಒಬ್ಬಳು. ಆಕೆಯ ವಿಶ್ವಾಸವೇ ನಮ್ಮ ಧರ್ಮಕೇಂದ್ರಗಳಲ್ಲಿ ಸದ್ದಿಲ್ಲದೆ ನಡೆಯುತ್ತಿರುವ ಮಹತ್ಕಾರ್ಯ.